ಹೆಗ್ಗಣಗಳ ಸ್ಥಳ ಪರಿಶೀಲನೆ

ಅಕ್ಕಿಗಿರಣಿಯಲ್ಲಿ ಮೂರು ತಲೆಮಾರಿನಿಂದ ಕೊಬ್ಬಿದ ಹೆಗ್ಗಣ ಕುಟುಂಬವು ಅಜ್ಜನ ಹೆಸರಲ್ಲಿ ದತ್ತಿ ಸಂಸ್ಥೆಯೊಂದನ್ನು ತೆರೆಯಿತು. ಗದ್ದೆಯ ಬದುವಿನ ಸುಂಡಿಲಿ ಬಂದು, "ಯಜಮಾನರೇ, ಮನೆಯಲ್ಲಿ ಕಾಳು ಮುಗಿಯುತ್ತಿದೆ. ಮರಿಗಳಿಗೆ ಒಂದು ಹಿಡಿ ಅಕ್ಕಿ ಕೊಡಿಸಿ," ಎಂದಿತು.

"ಕೊಡೋಣಮ್ಮ. ಆದರೆ ನಮ್ಮ ಮನೆಮಂದಿಯೆಲ್ಲ ಧರ್ಮದರ್ಶಿಗಳು. ಎಲ್ಲರೂ ಬಂದು ನೋಡಿಯೇ ಒಪ್ಪಬೇಕು," ಎಂದಿತು ಹಿರಿಯ ಹೆಗ್ಗಣ.

ಸಂಜೆ ಅಪ್ಪ, ಮಕ್ಕಳು, ಸೊಸೆಯಂದಿರು ಒಟ್ಟಾಗಿ ಬಂದವು. ಮನೆಗೆ ಬಂದವರನ್ನು ಬರಿಬಾಯಲ್ಲಿ ಕಳಿಸಲಾರದೆ ಸುಂಡಿಲಿ ಮರಿಗಳಿಗೆಂದು ಉಳಿಸಿದ್ದ ಕಾಳನ್ನೆಲ್ಲ ಮುಂದಿಟ್ಟಿತು. ಹೆಗ್ಗಣಗಳು ಬಡತನದ ವಿಷಯ ಮಾತಾಡುತ್ತ ಅಷ್ಟನ್ನೂ ತಿಂದು ಮುಗಿಸಿದವು.

"ಅಕ್ಕಿ ಯಾವಾಗ ಸಿಗುತ್ತದೆ, ಯಜಮಾನರೇ?"

ಹಿರಿಯ ಹೆಗ್ಗಣ ಮೀಸೆ ಒರೆಸಿಕೊಂಡಿತು. "ಇಷ್ಟು ಚೆನ್ನಾಗಿ ಉಪಚರಿಸುವ ಮನೆಗೆ ನೆರವು ಯಾಕಮ್ಮ? ನೀನೇ ನಮ್ಮ ದತ್ತಿಗೆ ದಾನಿಯಾಗು."