ಮುಟ್ಟಿದರೆ ಮುನಿ ಹೇಳಿದ ಸಾಕ್ಷಿ

ಮಕ್ಕಳೇ, ಕೆಂಚನಕೆರೆಯ ಮಗ್ಗುಲಲ್ಲಿ ಒಂದು ಬಯಲಿದೆ. ಅಲ್ಲಿ ಹುಲ್ಲು ಕಡಿಮೆ, ಮುಟ್ಟಿದರೆ ಮುನಿ ಗಿಡವೇ ಜಾಸ್ತಿ. ಏನಾದರೂ ತಾಗಿದ ಕೂಡಲೇ ಎಲೆ ಮಡಚಿಕೊಂಡು ಮುದುಡುತ್ತದಲ್ಲ, ಅದೇ ಗಿಡ. ಆ ಬಯಲಲ್ಲಿ ಕಾಡಿನ ಪ್ರಾಣಿಗಳು ಚಕ್ಕೋತದ ಹಣ್ಣನ್ನೇ ಚೆಂಡು ಮಾಡಿಕೊಂಡು ಫುಟ್‌ಬಾಲ್ ಆಡುತ್ತಿದ್ದವು.

ಆಟಕ್ಕೆ ರೆಫರಿ ಒಂದು ಮುದಿ ಆಮೆ. ಎಲ್ಲರೂ ಅವನನ್ನು ಚಿಪ್ಪಜ್ಜ ಅನ್ನುತ್ತಿದ್ದರು. ಯಾರಾದರೂ ತಪ್ಪು ಮಾಡಿದರೆ ಪಪ್ಪಾಯಿ ದಂಟಿನ ಪೀಪಿ ಊದುವುದು ಅವನ ಕೆಲಸ. ಅಜ್ಜ ನ್ಯಾಯವಂತ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೆಲಕ್ಕೆ ಅಂಟಿಕೊಂಡು ನಡೆಯುವವನಿಗೆ ದೂರದ್ದು ಎಲ್ಲಿ ಕಾಣಬೇಕು? ಯಾರೋ ಬಿದ್ದರೆಂದು ಅವನು ಹೋಗಿ ಮುಟ್ಟುವಷ್ಟರಲ್ಲಿ ಹತ್ತು ಬಾಯಿ ಹತ್ತು ಕತೆ ಹೇಳುತ್ತಿದ್ದವು. ಪಾಪ, ಅಜ್ಜನ ತಲೆ ಗಿರ್ರೆನ್ನುತ್ತಿತ್ತು.

ಈ ವರ್ಷವಂತೂ ಅವನ ತಲೆನೋವು ಇಮ್ಮಡಿಯಾಯಿತು. ಪಡುವಣ ದಂಡೆಯ ತಂಡದವರು ದಿನಕ್ಕೊಂದು ಹೊರೆ ಗರಿಕೆ ಕೊಡುತ್ತೇವೆಂದು ಹೇಳಿ ಗುಡ್ಡದಾಚೆಯಿಂದ ಜಿಗಿಯಪ್ಪ ಎಂಬ ಮೊಲವನ್ನು ಕರೆಸಿಕೊಂಡಿದ್ದರು. ಓಟದಲ್ಲಿ ಅವನು ಗಟ್ಟಿಗ, ಬೀಳುವುದರಲ್ಲಿ ಇನ್ನೂ ಗಟ್ಟಿಗ. ಯಾರಾದರೂ ಪಕ್ಕದಲ್ಲಿ ಸುಳಿದರೆ ಸಾಕು, ಮೂರು ಪಲ್ಟಿ ಹೊಡೆದು, ಕಾಲು ಹಿಡಿದುಕೊಂಡು, ಸತ್ತೆ ಕೆಟ್ಟೆ ಎಂದು ಹೊರಳಾಡುತ್ತಿದ್ದ. ಅಜ್ಜ ಪೀಪಿ ಊದಿದ್ದೇ ತಡ, ಎದ್ದು ಕಿವಿ ಕೊಡವಿಕೊಂಡು ಓಡುತ್ತಿದ್ದ. ಸಾಯುತ್ತಿದ್ದವನು ಇಷ್ಟು ಬೇಗ ಹೇಗಪ್ಪಾ ಬದುಕಿಕೊಂಡ ಎಂದು ಅಜ್ಜನಿಗೆ ಎಷ್ಟು ಯೋಚಿಸಿದರೂ ತಿಳಿಯುತ್ತಿರಲಿಲ್ಲ.

ಮೂಡಣ ದಂಡೆಯ ತಂಡದಲ್ಲಿ ಗುಡ್ಡಣ್ಣ ಎಂಬ ಕಾಡುಹಂದಿ ಇದ್ದ. ನೋಡುವುದಕ್ಕೆ ಒರಟು, ಮಾತು ಕಡಿಮೆ, ಆಟವೆಂದರೆ ಪ್ರಾಣ. ಜಿಗಿಯಪ್ಪ ಎರಡು ಸಲ ಇವನ ಪಕ್ಕದಲ್ಲೇ ಬಿದ್ದು, ಎರಡು ತಪ್ಪು ಇವನ ತಲೆಗೆ ಕಟ್ಟಿದ್ದ. ಮೂರು ತಪ್ಪಾದವನು ಮತ್ತೆಂದೂ ಆ ಬಯಲಿಗೆ ಕಾಲಿಡುವಂತಿಲ್ಲ ಎನ್ನುವುದು ಕೆರೆಯ ಕಟ್ಟುಪಾಡು.

ಕೊನೆಯ ಪಂದ್ಯದ ದಿನ ಎರಡೂ ಕಡೆ ಒಂದೊಂದು ಗೋಲಾಗಿತ್ತು. ಜಿಗಿಯಪ್ಪನೂ ಗುಡ್ಡಣ್ಣನೂ ಚೆಂಡಿನ ಹಿಂದೆ ಓಡಿದರು. ಇದ್ದಕ್ಕಿದ್ದ ಹಾಗೆ ಜಿಗಿಯಪ್ಪ ಚೀರಿಕೊಂಡು ಬಿದ್ದ. ಸದ್ಯ, ಈ ಸಲ ಅಜ್ಜ ನಾಲ್ಕು ಹೆಜ್ಜೆ ದೂರದಲ್ಲೇ ಇದ್ದ.

ಹತ್ತಿರ ಇದ್ದೂ ಏನು ಬಂತು? ಅವನಿಗೆ ಕಂಡದ್ದು ಬರೀ ಧೂಳು. ಕೋರೆಹಲ್ಲಿನಿಂದ ತಿವಿದ ಎಂದಿತು ನವಿಲು. ಇಲ್ಲ, ಒದ್ದ ಎಂದಿತು ಕೋತಿ. ಜಿಗಿಯಪ್ಪ ಒಮ್ಮೆ ಎಡ ಹಿಂಗಾಲು ಹಿಡಿದುಕೊಂಡು ಅತ್ತ, ಒಮ್ಮೆ ಬಲ ಹಿಂಗಾಲು. ಗುಡ್ಡಣ್ಣನನ್ನು ಕೇಳಿದರೆ "ನಾನು ಮುಟ್ಟಿಲ್ಲ ಅಜ್ಜ" ಎಂದು ಸುಮ್ಮನಾದ.

ಅಜ್ಜನಿಗೆ ದಿಕ್ಕೇ ತೋಚಲಿಲ್ಲ. ಇಷ್ಟು ಕಣ್ಣೀರು ಸುಳ್ಳಾದೀತೇ? ಗುಡ್ಡಣ್ಣ ಹೀಗೆ ಸುಮ್ಮನಿರುವುದು ತಪ್ಪು ಮಾಡಿದ್ದಕ್ಕೋ, ಮಾಡದೆ ಇದ್ದದ್ದಕ್ಕೋ? ಹೊರಗೆ ಹಾಕಿ ಎಂದು ಸುತ್ತಲಿನವರೆಲ್ಲ ಕೂಗುತ್ತಿದ್ದರು. ಅಜ್ಜ ಮನಸ್ಸಿಲ್ಲದ ಮನಸ್ಸಿನಿಂದ ಪೀಪಿಯನ್ನು ಬಾಯಿಗಿಟ್ಟ. ಗುಡ್ಡಣ್ಣನ ಮುಖ ನೋಡಲಾರದೆ ತಲೆ ತಗ್ಗಿಸಿದ.

ಆಗ ಅವನ ಕಣ್ಣು ನೆಲದ ಮೇಲೆ ಬಿತ್ತು.

"ಯಾರೂ ಇದ್ದಲ್ಲಿಂದ ಕಾಲು ಕೀಳಬೇಡಿ" ಎಂದ ಅಜ್ಜ.

ಜಿಗಿಯಪ್ಪ ಓಡಿದ ದಾರಿಯುದ್ದಕ್ಕೂ ಮುಟ್ಟಿದರೆ ಮುನಿಯ ಎಲೆಗಳು ಮುದುಡಿದ್ದವು. ಗುಡ್ಡಣ್ಣನ ದಾರಿಯಲ್ಲೂ ಹಾಗೆಯೇ. ಆದರೆ ಎರಡು ದಾರಿಗಳ ನಡುವೆ ಎರಡು ಮೊಳದಷ್ಟು ಅಗಲಕ್ಕೆ ಎಲೆಗಳು ಹಸಿರಾಗಿ ಬಿಚ್ಚಿಕೊಂಡೇ ಇದ್ದವು. ಒಂದೇ ಒಂದು ಎಲೆಯೂ ಮಡಚಿರಲಿಲ್ಲ. ನಡುವಿನ ಗಿಡಕ್ಕೇ ತಾಗದ ಕಾಲು ಆಚೆಯ ಮೊಲಕ್ಕೆ ಹೇಗೆ ತಾಗೀತು?

ಅಜ್ಜ ಗುಡ್ಡಣ್ಣನ ದಾರಿ ಹಿಡಿದು ನಿಧಾನವಾಗಿ ನಡೆದ. ಮುದುಡಿದ ಎಲೆಗಳ ಮೇಲೆ ಅಲ್ಲಲ್ಲಿ ಕೆಂಪು ಹನಿಗಳಿದ್ದವು. ಅವು ಗುಡ್ಡಣ್ಣನ ಹಿಂಗಾಲಿನ ಹತ್ತಿರ ಹೋಗಿ ಮುಗಿದವು. ಅಲ್ಲಿ ಚರ್ಮ ಕಿತ್ತುಬಂದಿತ್ತು. ಉಗುರಿನ ಗುರುತು ಮೊಲದ್ದೇ.

"ಇದು ಯಾವಾಗ ಆಯಿತಯ್ಯ?"

"ಆಟ ಶುರುವಾದಾಗ. ಚೆಂಡಿಗೆ ಹೋದೆ, ಜಿಗಿಯಪ್ಪ ಪರಚಿದ."

"ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ಆಟ ನಿಂತುಬಿಡುತ್ತಿತ್ತು ಅಜ್ಜ."

ಅಜ್ಜ ಏನು ನೋಡುತ್ತಿದ್ದಾನೆಂದು ತಿಳಿಯುವ ಆಸೆಯನ್ನು ಜಿಗಿಯಪ್ಪನಿಗೂ ತಡೆಯಲಾಗಲಿಲ್ಲ. ಹಿಂಗಾಲೆರಡರ ಮೇಲೂ ನೆಟ್ಟಗೆ ನಿಂತು ಇಣುಕುತ್ತಿದ್ದ. ಕಾಲು ಹಿಡಿದುಕೊಂಡು ಅತ್ತದ್ದು ಅವನಿಗೇ ಮರೆತುಹೋಗಿತ್ತು. ಎಲ್ಲರೂ ತನ್ನನ್ನೇ ನೋಡುತ್ತಿರುವುದು ಕಂಡು ಥಟ್ಟನೆ ಕುಂಟತೊಡಗಿದ. ಅದೂ ಮೊದಲು ಹಿಡಿದುಕೊಂಡಿರದ ಮುಂಗಾಲಿನಲ್ಲಿ.

ಅಜ್ಜ ಪೀಪಿ ಊದಿದ. ಗುಡ್ಡಣ್ಣನ ಮೇಲಿದ್ದ ಎರಡು ತಪ್ಪನ್ನೂ ತೆಗೆದು, ಇಂದಿನದನ್ನೂ ಸೇರಿಸಿ, ಮೂರನ್ನೂ ಜಿಗಿಯಪ್ಪನ ಮೇಲೆ ಹಾಕಿದ. ಜಿಗಿಯಪ್ಪ ಮತ್ತೆ ಆ ಬಯಲಿಗೆ ಕಾಲಿಡಲಿಲ್ಲ.

ಆಮೇಲೆ ಅಜ್ಜ ಗುಡ್ಡಣ್ಣನ ಗಾಯಕ್ಕೆ ಸೊಪ್ಪು ಅರೆದು ಕಟ್ಟಿದ. ಅಜ್ಜನ ಕಣ್ಣು ಒದ್ದೆಯಾಗಿತ್ತು.

"ಬಿದ್ದವನ ಹತ್ತಿರ ಮೂರು ಸಲ ಹೋದೆನಲ್ಲಪ್ಪ" ಎಂದ. "ನಿಂತವನ ಕಾಲನ್ನು ಒಂದು ಸಲವೂ ನೋಡಲಿಲ್ಲ."

ನೀತಿ: ಇಲ್ಲದ ನೋವನ್ನು ನಟಿಸಿ ಗೆಲ್ಲಹೊರಟವನು ಒಂದು ದಿನ ಸಿಕ್ಕಿಬೀಳುತ್ತಾನೆ, ನ್ಯಾಯ ಹೇಳುವವನು ಕೂಗನ್ನು ಕೇಳಿದರೆ ಸಾಲದು, ಸುಮ್ಮನಿರುವವನ ಕಡೆಗೂ ನೋಡಬೇಕು.