ಮುಂಗಾಜಿನ ಹಿಂದಿನ ಕುರ್ಚಿ

ಯುದ್ಧವಿಮಾನಗಳ ಮುಂಗಾಜನ್ನು ಪರೀಕ್ಷಿಸುವ ವಿದ್ಯೆಯನ್ನು ಅಂಬುಜಾಕ್ಷಿಯವರು ಹೊಳೆಯ ದಂಡೆಯ ಶೆಡ್ಡೊಂದರಲ್ಲಿ ಕಲಿಸುತ್ತಿದ್ದರು. ವಾಮನ ಅವರ ಶಿಷ್ಯ.

ನಾಚಪ್ಪ ಎಂಬ ಪೈಲಟ್ ಹಾರಿಸಿದ ಗುಂಡುಗಳೆಲ್ಲ ಗುರಿಯ ಎಡಕ್ಕೇ ಬೀಳುತ್ತಿದ್ದವು. ಗಾಜಿನಲ್ಲಿ ದೋಷವಿಲ್ಲವೆಂದಾದರೆ ಆ ಸಂಜೆಯೇ ಅವನನ್ನು ಹಾರಾಟದಿಂದ ಇಳಿಸುವವರಿದ್ದರು. ಅವನ ವಿಮಾನದ ಮುಂಗಾಜನ್ನು ಬಿಚ್ಚಿ ಶೆಡ್ಡಿಗೆ ತಂದಿದ್ದರು.

ಎದುರು ಗೋಡೆಯಲ್ಲಿ ಚೌಕುಳಿ ಗೆರೆಗಳ ಹಲಗೆ. ನಡುವೆ ಗಾಜು. ಈಚೆ, ಪೈಲಟ್ ಕೂರುವ ಎತ್ತರಕ್ಕೆ ಸರಿಯಾಗಿ ಒಂದು ಕುರ್ಚಿ. ಗೆರೆ ಸೊಟ್ಟಗೆ ಕಂಡರೆ ದೋಷ ಗಾಜಿನದು.

ವಾಮನ ಕುಳಿತು ನೋಡಿದ. "ಗೆರೆಗಳು ನೆಟ್ಟಗಿವೆ, ಗುರುಗಳೇ."

"ಇನ್ನೊಮ್ಮೆ ನೋಡು."

"ನೋಡಿದೆ. ನೆಟ್ಟಗಿವೆ."

"ಇನ್ನೊಮ್ಮೆ."

"ಬೆಳಗಿನಿಂದ ಇದೇ ಆಯಿತು! ಕೈ ನಡುಗುವುದು ನಾಚಪ್ಪನವರದು. ಪಾಪದ ಗಾಜನ್ನೇಕೆ ಬೈಯಬೇಕು?"

ಅಂಬುಜಾಕ್ಷಿಯವರು ಹಣೆ ಚಚ್ಚಿಕೊಂಡರು. ಹೊದ್ದಿದ್ದ ಶಾಲನ್ನು ತೆಗೆದು, ಅವನ ಭುಜಗಳನ್ನು ಕುರ್ಚಿಯ ಬೆನ್ನಿಗೆ ಬಿಗಿದು ಕಟ್ಟಿದರು.

"ಇದೇನು, ಗುರುಗಳೇ!"

"ಪೈಲಟ್‌ನನ್ನು ಪಟ್ಟಿ ಬಿಗಿದೇ ಕೂರಿಸುತ್ತಾರೆ, ಮಹರಾಯ. ಈಗ ನೋಡು."

ನೋಡಿದ. ನಡುವಿನ ಗೆರೆ ಬಾಗಿತ್ತು.

"ಆಗ ಹೀಗಿರಲಿಲ್ಲ!"

"ಗೆರೆ ಬಾಗಿದಾಗಲೆಲ್ಲ ನೀನು ಪಕ್ಕಕ್ಕೆ ವಾಲಿದೆ. ಅದು ನೆಟ್ಟಗೆ ಕಾಣುವ ಜಾಗ ಸಿಕ್ಕಿದ ಮೇಲೆ ಬಾಯಿ ತೆರೆದೆ."

"ವಾಲಿದ್ದು ನನಗೇ ತಿಳಿಯಲಿಲ್ಲ."

"ನನಗೆ ತಿಳಿಯಿತು. ನಿನ್ನ ಕತ್ತನ್ನು ನೋಡಿ ನೋಡಿ ನನ್ನ ಕತ್ತು ಹಿಡಿದುಕೊಂಡಿದೆ."

ಅವನ ಕಣ್ಣೆದುರು ಗುರಿಯಿಡುವ ಕೊಳವೆಯನ್ನು ನಿಲ್ಲಿಸಿದರು. "ಹಲಗೆಯ ನಡುಬಿಂದುವಿಗೆ ಹಿಡಿ."

ವಾಮನ ಗಾಜಿನ ಮೂಲಕ ಗುರಿಯಿಟ್ಟು ತಿರುಪು ಬಿಗಿದ. ಅವರು ಗಾಜನ್ನು ಚೌಕಟ್ಟಿನೊಡನೆ ಪಕ್ಕಕ್ಕೆ ಸರಿಸಿದರು.

ಕೊಳವೆ ಬಿಂದುವಿನ ಎಡಕ್ಕೆ, ಬೆರಳಗಲ ದೂರಕ್ಕೆ ನೆಟ್ಟಿತ್ತು.

"ಇಲ್ಲಿ ಬೆರಳಗಲ. ಆಕಾಶದಿಂದ ಹೊಡೆದರೆ?"

"ಮಾರುಗಟ್ಟಲೆ," ಎಂದ ವಾಮನ. ಅವನ ದನಿ ಇಳಿದಿತ್ತು. "ನಾಚಪ್ಪನವರ ಕೈ ನಡುಗಿರಲಿಲ್ಲ. ಗಂಟು ಬಿಚ್ಚಿ, ಗುರುಗಳೇ. ಓಡಿಹೋಗಿ ಹೇಳಿ ಬರುತ್ತೇನೆ."

ಅಂಬುಜಾಕ್ಷಿಯವರು ಆಗಲೇ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದರು.

"ಅದನ್ನು ನಾನು ಹೇಳುತ್ತೇನೆ. ನೀನು ಹಾಗೆಯೇ ಕೂತಿರು, ಮಹರಾಯ; ಈವರೆಗೆ ನೀನು ಗೆರೆಗಳು ನೆಟ್ಟಗಿವೆ ಎಂದು ಒಪ್ಪಿದ ಗಾಜುಗಳನ್ನೆಲ್ಲ ವಿಮಾನಗಳಿಂದ ಬಿಚ್ಚಿಸಿ ತರುತ್ತೇನೆ."