ಜೋಡುಗೊಳಲ ಗುಡ್ಡ

ಎರೆನೆಲದ ಬಯಲಿನಲ್ಲಿ ಈ ಗುಡ್ಡ ಒಂದೇ. ಮೇಲೆ ಬೋಳು ಬಂಡೆ, ಕೆಳಗೆ ಹೊಂಡ. ಇದಕ್ಕೆ ಜೋಡುಗೊಳಲ ಗುಡ್ಡ ಎಂಬ ಹೆಸರು ಬಂದದ್ದು ಮಾಳಿಂಗನಿಂದ ಎನ್ನುತ್ತಾರೆ. ಹಿಂದೆ ಒಮ್ಮೆ ಕುರಿಗಾರ ಮಾಳಿಂಗನೂ ಅವನ ಹೆಂಡತಿ ಲಗಮವ್ವನೂ ಇಲ್ಲಿ ಹಿಂಡು ಮೇಯಿಸುತ್ತಿದ್ದರು. ಸಂಜೆ ಇಬ್ಬರೂ ಹೊಂಡದ ದಂಡೆಗೆ ಕುಳಿತು ಕೊಳಲು ಊದುವರು; ಕುರಿಗಳು ನೀರಿಗೆ ಇಳಿಯುವವು. ಅವನ ಕೊಳಲಿಗೆ ತೂತುಗಳಿದ್ದವು, ರಾಗ ಅವನದು. ಅವಳದಕ್ಕೆ ತೂತೇ ಇಲ್ಲ. ಉದ್ದಕ್ಕೂ ಒಂದೇ ಸ್ವರ. "ಎಮ್ಮಿ ಒದರಿದಂಗ ಒಂದ ಸಮ ಊದತೀಯಲ್ಲ, ಬ್ಯಾಸರಿಲ್ಲೇನ?" ಎಂದು ಅವನು ಚೇಷ್ಟೆ ಮಾಡುವನು. "ನೀ ಕುಣಿಯಾಕ ನೆಲ ಬ್ಯಾಡೇನ? ನೆಲ ನಾ ಹಿಡದೀನಿ, ಕುಣಿ," ಎನ್ನುವಳು ಅವಳು.

ಒಂದು ಬೇಸಿಗೆ ಲಗಮವ್ವ ಜ್ವರದಲ್ಲಿ ಹೋದಳು. ಮಣ್ಣು ಮಾಡಿ ಬಂದ ಸಂಜೆ ಮಾಳಿಂಗ ಒಬ್ಬನೇ ಊದಿದ. ಕುರಿಗಳು ಕಿವಿ ನಿಮಿರಿಸಿದವು, ಅತ್ತ ಇತ್ತ ನೋಡಿದವು, ಇಳಿಯಲಿಲ್ಲ. ಅಟ್ಟಿದರೆ ಬಂಡೆ ಸುತ್ತಿ ಮತ್ತೆ ಮೇಲೆಯೇ ನಿಂತವು. ಮರುದಿನ ಮರಿಗಳು ಬಾಯಾರಿ ಮಲಗಿಬಿಟ್ಟವು. ಹಿಂಡು ಉಳಿಯಬೇಕಾದರೆ ಅವಳ ಕೊಳಲೂ ನುಡಿಯಬೇಕು. ಇರುವುದು ಒಂದೇ ಬಾಯಿ. ಮಾಳಿಂಗ ಎರಡನ್ನೂ ಜೊತೆಗಿಟ್ಟು ಉಣ್ಣೆಯ ದಾರ ಸುತ್ತಿದ. ಸಂದಿಗೆ ಜೇನುಮೇಣ ತುಂಬಿದ. ಬಾಯಿಗೆ ಹೋಗುವ ತುದಿಯಲ್ಲಿ ಸ್ವರ ಹುಟ್ಟಿಸುವ ಜೊಂಡಿನ ನಾಲಗೆಗಳನ್ನು ಹೆರೆದು ಸಮ ಮಾಡಿದ. ಆಮೇಲೆ ತಪ್ಪು ಮಾಡಿದ. ಇನ್ನಾದರೂ ಅವಳದು ರಾಗ ಹಾಡಲಿ ಎಂಬ ಆಸೆಗೆ ಕಾದ ಸಲಾಕೆಯಿಂದ ಅದಕ್ಕೊಂದು ತೂತು ಸುಟ್ಟ. ಊದಿದರೆ ಕೊಳಲುಗಳು ಒಂದಕ್ಕೊಂದು ಜಗಳಾಡಿದವು. ಕುರಿಗಳು ಬೆನ್ನು ತಿರುಗಿಸಿದವು.

ಬುತ್ತಿ ತಂದ ಅತ್ತೆ ದುರಗವ್ವ ಮಗಳ ಕೊಳಲಿನ ತೂತು ಕಂಡಳು. "ಏನ್ ಅಳಿಯದೇವ್ರ, ಆಕಿ ಇದ್ದಾಗ ತಿದ್ದಾಕ ಆಗಲಿಲ್ಲ, ಸತ್ತ ಮ್ಯಾಲ ತಿದ್ದತೀರೇನ? ಆಕಿ ಹೆಂಗಿದ್ಲೋ ಹಂಗ ಇರಲಿ ಬಿಡ್ರಿ." ಮಾಳಿಂಗ ಮೇಣ ಮಿದ್ದಿ ಆ ತೂತು ಮುಚ್ಚಿದ. ಕೆನ್ನೆ ಉಬ್ಬಿಸಿ ಊದಿದ. ಅವಳ ಸ್ವರ ಕೆಳಗೆ ನಿಂತಿತು. ಅದರ ಮೇಲೆ ಅವನ ಬೆರಳು ಆಡಿದವು. ಮುದಿ ಕುರಿಯೊಂದು ಮೊದಲು ಇಳಿಯಿತು. ಅದರ ಹಿಂದೆ ಹಿಂಡೆಲ್ಲ ಇಳಿಯಿತು. ಅವು ಕುಡಿದು ಎದ್ದ ಮೇಲೂ ಅವನು ಊದುತ್ತಲೇ ಇದ್ದನಂತೆ. ತಾನು ನಿಲ್ಲಿಸಿದರೆ ಅವಳೂ ನಿಲ್ಲುವಳು.

ಈಗ ಗುಡ್ಡದ ಮೇಲೊಂದು ಸಣ್ಣ ಗುಡಿ ಇದೆ. ಒಳಗೆ ಹೋದವರಿಗೆ ಗೋಡೆ ತುಂಬ ಜೋಡುಗೊಳಲು ಕಾಣುತ್ತವೆ. ಹೆಂಡತಿಯನ್ನು ಕಳೆದುಕೊಂಡವರು, ಗಂಡನನ್ನು ಕಳೆದುಕೊಂಡವರು ತಾವೇ ಮಾಡಿ ಕಟ್ಟಿಹೋದವು. ಪ್ರತಿ ಜೋಡಿಯಲ್ಲೂ ಒಂದು ಕೊಳಲಿಗೆ ಒಂದೇ ತೂತು ಸುಟ್ಟು ಮೇಣದಿಂದ ಮುಚ್ಚಿರುತ್ತಾರೆ. ಬೇಸಿಗೆಗೆ ಮೇಣ ಮೆತ್ತಗಾಗುತ್ತದೆ. ಬಂದವರು ಹೆಬ್ಬೆರಳಿನಿಂದ ಅದನ್ನು ಒತ್ತಿ, ತೂತು ಭದ್ರ ಮಾಡಿ ಇಳಿದುಹೋಗುತ್ತಾರೆ.